ಮೂರನೇ ಕೂಗು

‘ಕಟ್’ ಅಂದ ಮೇಲೂ ಒಂದು ನಿಮಿಷ ರೆಕಾರ್ಡರ್ ನಿಲ್ಲಿಸಬಾರದು. ನನಗೆ ಧ್ವನಿಮುದ್ರಣದ ಕೆಲಸ ಹೇಳಿಕೊಟ್ಟವರು ಕಿವಿ ಹಿಂಡಿ ಕಲಿಸಿದ ಪಾಠ ಇದು. ಎಲ್ಲರೂ ಬಾಯಿ ಮುಚ್ಚಿದ ಮೇಲೆ ಆ ಜಾಗದ್ದೇ ಆದ ಒಂದು ಸದ್ದು ಉಳಿಯುತ್ತದಲ್ಲ, ಗಾಳಿಯದೋ ಹುಳುವಿನದೋ, ಅದನ್ನು ಒಂದು ನಿಮಿಷ ಹಿಡಿದಿಟ್ಟುಕೊಂಡರೆ ಆಮೇಲೆ ಸ್ಟುಡಿಯೋದಲ್ಲಿ ತೇಪೆ ಹಾಕುವುದಕ್ಕೆ ಆಗುತ್ತದೆ. ಹದಿನಾಲ್ಕು ವರ್ಷದಿಂದ ನಾನು ಆ ಒಂದು ನಿಮಿಷ ತಪ್ಪಿಸಿದವಳಲ್ಲ. ಆ ಸಂಜೆ ಮಾವನ ಹೊಲದಲ್ಲಿ ಮರೆತಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಹಾಡಿನ ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಯಾವುದೋ ಮದುವೆಯಲ್ಲೋ ಗಣೇಶನ ಮೆರವಣಿಗೆಯಲ್ಲೋ ನೀವೂ ಅದಕ್ಕೆ ಕುಣಿದಿರುತ್ತೀರಿ. ಎಲ್ಲ ವಾದ್ಯವೂ ಒಮ್ಮೆಗೇ ನಿಂತು, ಚಣ ಹೊತ್ತು ಏನೂ ಇಲ್ಲದೆ, ಆಮೇಲೆ ಒಬ್ಬ ಗಂಡಸಿನ ಕೂಗು ಬರುತ್ತದೆ. ಕೂಗು ಮುಗಿಯುತ್ತಿದ್ದಂತೆ ಬೀಟ್ ಬಿದ್ದು ನೆಲ ಅದುರುತ್ತದೆ. ಆ ಕೂಗು ನಮ್ಮ ಸೋದರಮಾವನದು.

ನಾನು ಕುದೇರಿನವಳು. ಸ್ಟುಡಿಯೋ ಇರುವುದು ಚಾಮರಾಜನಗರದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ. ಕೆಳಗೆ ಕಬ್ಬಿಣ ಇಳಿಸುವ ದಿನ ಮೇಲೆ ನಮ್ಮ ಕೆಲಸ ಬಂದ್. ಮಾದಪ್ಪನ ಹಾಡು, ಚುನಾವಣೆ ಪ್ರಚಾರ, ಶಾಲೆ ವಾರ್ಷಿಕೋತ್ಸವದ ಟ್ರ್ಯಾಕು, ಇಷ್ಟರಲ್ಲೇ ದಿನ ಹೋಗುತ್ತಿತ್ತು. ಅಂಥದ್ದರಲ್ಲಿ ಬೆಂಗಳೂರಿನ ಸಂಗೀತ ನಿರ್ದೇಶಕರೊಬ್ಬರು ಫೋನ್ ಮಾಡಿ, ಒಂದು ದೊಡ್ಡ ಸಿನಿಮಾಕ್ಕೆ ಕುಣಿತದ ಹಾಡು ಮುಕ್ಕಾಲು ಆಗಿದೆ, ಹುಕ್ ಒಂದು ಸಿಕ್ಕಿಲ್ಲ, ನಿಮ್ಮ ಕಾಡಿನ ಕಡೆಯದೇನಾದರೂ ಹಸಿಹಸಿ ಸದ್ದು ಕಳಿಸಿ ಅಂದರು. ಹುಕ್ ಅಂದರೆ ಕೇಳಿದವರ ಬಾಯಲ್ಲಿ ಹೋಗಿ ಕೂತುಬಿಡುವ ತುಣುಕು. ಅದು ಸಿಕ್ಕರೆ ಹಾಡು ಗೆದ್ದ ಹಾಗೆ.

ನಾನು ತಮಟೆ ಕಳಿಸಿದೆ. ಆಗಲೇ ನಾಲ್ಕು ಹಾಡಲ್ಲಿ ಬಂದಿದೆ ಅಂದರು. ಕೊಂಬು ಕಳಿಸಿದೆ, ಬೇಡ ಅಂದರು. ನಮ್ಮ ಬೀದಿಯ ಹೆಂಗಸರನ್ನು ಕೂರಿಸಿ ಸೋಬಾನೆ ಹಾಡಿಸಿ, ಕರೆಂಟು ಹೋಗಿ, ಮತ್ತೆ ಹಾಡಿಸಿ ಕಳಿಸಿದರೆ, ಚೆನ್ನಾಗಿದೆ ಆದರೆ ಇದಕ್ಕೆ ಯಾರು ಕುಣಿಯುತ್ತಾರೆ ಅಂದರು. ಹದಿನೈದು ದಿನ ಹೀಗೇ ಆಗಿ ನನಗೂ ರೇಗಿಹೋಗಿತ್ತು. ಆ ರೇಗಿನಲ್ಲಿ ಬಾಯಿ ಜಾರಿತು. ನಮ್ಮ ಮಾವನ ಊರಲ್ಲಿ ಆನೆ ಕಾವಲಿನವರು ಒಬ್ಬರಿಗೊಬ್ಬರು ಕೂಗ್ತಾರೆ ಸಾರ್, ಅದು ಬೇಕಾ ಅಂದುಬಿಟ್ಟೆ. ಅದೇ ಬೇಕು, ಮೊದಲು ಹೋಗಿ ಹಿಡಿದು ಕಳಿಸಿ ಅಂದರು.

ಮಾವನ ಊರು ಗುಂಡ್ಲುಪೇಟೆಯಿಂದಾಚೆ, ಭೀಮನಬೀಡು ದಾಟಿ ಕಾಡಂಚಿಗೆ. ಹೊಲದಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ. ಚೆಂಡುಹೂ, ಜೋಳ, ಅರಿಶಿನ ಬೆಳೆಯುತ್ತಾರೆ. ಬೆಳೆ ಬಲಿಯುವ ಹೊತ್ತಿಗೆ ಹೊಲಕ್ಕೊಂದು ಅಟ್ಟಣೆ, ಮರದ ಮೇಲೆ ನಾಲ್ಕು ಹಲಗೆ ಹೊಡೆದು ಕಟ್ಟಿದ ಮಂಚ. ಹೊತ್ತು ಮುಳುಗುತ್ತಿದ್ದಂತೆ ಅದನ್ನೇರಿ ಕೂತರೆ ಇಳಿಯುವುದು ಬೆಳಗ್ಗೆಯೇ. ಅಟ್ಟಣೆಯಿಂದ ಅಟ್ಟಣೆಗೆ ಕೂಗೇ ಸುದ್ದಿ. ಮೊದಲನೇ ಕೂಗು ಉದ್ದ, ಎದ್ದಿದ್ದೇನೆ ಅಂತ. ಎರಡನೆಯದು ತುಂಡು ತುಂಡು, ಕಾಡಂಚಲ್ಲಿ ಏನೋ ಅಲ್ಲಾಡುತ್ತಿದೆ ಅಂತ. ಮೂರನೆಯದು ಬಂತೆಂದರೆ ಆನೆ ಹೊಲದೊಳಗೇ ಇದೆ, ನೆಲದ ಮೇಲಿರುವವರು ಕೈಲಿದ್ದದ್ದು ಎಸೆದು ಹತ್ತಿರದ ಅಟ್ಟಣೆ ಏರಬೇಕು. ಫೋನು ಬಂದ ಮೇಲೂ ಇದು ನಿಂತಿಲ್ಲ. ಅಲ್ಲಿ ಸಿಗ್ನಲ್ ಒಂದು ಗಳಿಗೆ ಇದ್ದರೆ ಇನ್ನೊಂದು ಗಳಿಗೆ ಇಲ್ಲ.

ಮೂರನೆಯದಕ್ಕೆ ಒಂದು ಕಟ್ಟು ಇದೆ. ಅದನ್ನು ಯಾರೂ ಸುಮ್ಮನೆ ಕೂಗಿ ತೋರಿಸುವುದಿಲ್ಲ, ಮಕ್ಕಳಿಗೆ ಕಲಿಸುವುದಕ್ಕೂ ಇಲ್ಲ. ನಿಜವಾಗಿ ಬಂದಾಗ ಕೇಳಿಯೇ ಕಲಿಯಬೇಕು. ರಜೆಗೆ ಅಲ್ಲಿಗೆ ಹೋಗುತ್ತಿದ್ದ ನಾನು ಹಾಗೇ ಕಲಿತದ್ದು. ಏಳು ವರ್ಷದವಳನ್ನು ಅತ್ತೆ ಹೂವಿನ ಬುಟ್ಟಿಯ ಸಮೇತ ಎತ್ತಿಕೊಂಡು ಓಡಿದ್ದು ನನಗೆ ಇನ್ನೂ ನೆನಪಿದೆ.

ಸಂಜೆ ಐದಕ್ಕೆ ಹೊಲ ಸೇರಿದೆ. ಒಂದು ಮೈಕನ್ನು ಮಾವನಿಂದ ಎರಡು ಮಾರು ದೂರಕ್ಕೆ, ಇನ್ನೊಂದನ್ನು ಬದುವಿನ ಮೇಲೆ ನಿಲ್ಲಿಸಿದೆ. ಗಾಳಿ ತಡೆಯುವುದಕ್ಕೆ ಮೈಕಿಗೆ ಹಾಕುವ ತುಪ್ಪಳದ ಚೀಲ ನೋಡಿ ಅತ್ತೆ, ಸತ್ತ ಬೆಕ್ಕನ್ನ ಯಾಕಮ್ಮಿ ಕೋಲಿಗೆ ಸಿಗಿಸಿದ್ದೀಯ ಅಂತ ನಕ್ಕಳು. ಮೊದಲನೇ ಸಲ ಮಾವ ಕೂಗಿದಾಗ ಮೀಟರು ಸೀದಾ ಕೆಂಪಿಗೆ ಹೋಗಿ ಸದ್ದು ಒಡೆದುಹೋಯಿತು. ಅರವತ್ತರ ಮೇಲಾದ ಮನುಷ್ಯನ ಎದೆಯಲ್ಲಿ ಅಷ್ಟು ಉಸಿರಿದೆ ಅಂತ ಯಾರಿಗೆ ಗೊತ್ತು! ಲೆವೆಲ್ ಅರ್ಧಕ್ಕೂ ಕೆಳಗೆ ಇಳಿಸಿ ಮತ್ತೆ ಕೂಗಿಸಿದೆ. ಮೊದಲನೆಯದು ಐದು ಸಲ, ಎರಡನೆಯದು ಆರು ಸಲ. ಹಿಡಿದದ್ದೆಲ್ಲ ಶುದ್ಧವಾಗಿತ್ತು. ಆದರೆ ಕೇಳಿಸಿಕೊಳ್ಳುತ್ತಿದ್ದಂತೆಯೇ ನನಗೆ ಗೊತ್ತಾಗಿತ್ತು, ನಿರ್ದೇಶಕರು ಇದನ್ನೂ ಬೇಡ ಅನ್ನುತ್ತಾರೆ. ಮೈಕಿನ ಮುಂದೆ ನಿಂತು ಕೂಗಿದ ಕೂಗು ಅದು, ಭಯವಿರಲಿಲ್ಲ.

ಮೂರನೆಯದು ಒಂದೇ ಒಂದು ಸಲ ಮಾವ ಅಂತ ಕೇಳಿದೆ. ಮಾವ ಕೋಪ ಮಾಡಿಕೊಳ್ಳಲಿಲ್ಲ. ಟವೆಲಲ್ಲಿ ಬಾಯಿ ಒರೆಸಿಕೊಂಡು, “ಅದ ಸುಮ್‌ಸುಮ್ಕೆ ಕೂಗ್ಬಾರ್ದು ಕಣಮ್ಮಿ. ಕೂಗುದ್ರೆ ಬಂದಿರ್ಬೇಕು” ಅಂದ.

ಸರಿ ಬಿಡು ಅಂದೆ. ಹೊತ್ತು ಬೆಟ್ಟದ ಹಿಂದಕ್ಕೆ ಇಳಿಯುತ್ತಿತ್ತು. ಒಂದು ನಿಮಿಷ ಯಾರೂ ಮಾತಾಡಬೇಡಿ, ಜಾಗದ ಸದ್ದು ಹಿಡಿದುಕೊಂಡು ಕಟ್ಟಿಬಿಡುತ್ತೇನೆ ಅಂತ ಹೇಳಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಜೀರುಂಡೆ ಕೇಳುತ್ತಿತ್ತು. ದೂರದಲ್ಲಿ ಯಾರದೋ ಮೋಟರು. ಆಮೇಲೆ ಜೀರುಂಡೆ ನಿಂತಿತು. ಹೆಡ್‌ಫೋನಿನಲ್ಲಿ ಅದು ನಿಂತದ್ದು ನನಗೆ ಚೆನ್ನಾಗಿ ಗೊತ್ತಾಯಿತು, ಯಾಕೆ ಅಂತ ತಿಳಿಯಲಿಲ್ಲ. ಮೂರು ಹೊಲದಾಚೆಯಿಂದ ಕೂಗು ಬಂತು. ಮೂರನೆಯದು.

ಮಾವ ನಿಂತಲ್ಲೇ ತಲೆ ಹಿಂದಕ್ಕೆ ಮಾಡಿ ಅದನ್ನೇ ಮುಂದಿನ ಹೊಲಕ್ಕೆ ದಾಟಿಸಿದ. ಹೊಟ್ಟೆಯಾಳದಿಂದ ಎದ್ದು, ಮೇಲಕ್ಕೆ ಹೋಗಿ, ತುದಿಯಲ್ಲಿ ಸೀಳಿತು. ಅತ್ತೆ ನನ್ನ ರಟ್ಟೆ ಹಿಡಿದು ಎಳೆದಳು, ಮೈಕು ಅಲ್ಲೇ ಬಿಟ್ಟು ಮೂವರೂ ಅಟ್ಟಣೆ ಹತ್ತಿದೆವು. ಅರ್ಧ ಗಂಟೆ ಕೂತಿದ್ದೆವು. ಜೋಳದ ನಡುವೆ ಏನೋ ದೊಡ್ಡದು ಲಟಲಟ ಮುರಿಯುತ್ತಾ ಹೋಯಿತು, ಕಣ್ಣಿಗೆ ಬೀಳಲಿಲ್ಲ. ಕೆಳಗೆ ಬದುವಿನ ಮೇಲೆ ರೆಕಾರ್ಡರಿನ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಪ್ರಾಣಭಯದಲ್ಲೂ ನಾನು ಅದನ್ನೇ ನೋಡುತ್ತಿದ್ದೆ ಅಂತ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಮಾರನೇ ದಿನ ಸ್ಟುಡಿಯೋದಲ್ಲಿ ಕೇಳಿದೆ. ಲೆವೆಲ್ ಮೊದಲೇ ಇಳಿಸಿಟ್ಟಿದ್ದರಿಂದ ಕೂಗು ಎಲ್ಲೂ ಒಡೆದಿರಲಿಲ್ಲ. ಹತ್ತಿರದ ಮೈಕಿನಲ್ಲಿ ಮಾವನ ಗಂಟಲು, ದೂರದ್ದರಲ್ಲಿ ಅದೇ ಕೂಗು ಹೊಲದ ಮೇಲೆ ಹರಡಿಕೊಂಡು ಹೋಗುವುದು. ಎರಡೂ ಸೇರಿಸಿದರೆ ಕೇಳಿದವರು ಎದ್ದು ನಿಲ್ಲಬೇಕು, ಹಾಗಿತ್ತು. ಅಂಥ ಸದ್ದು ನನ್ನ ಕೈಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆ ಸಿಗುವುದೂ ಇಲ್ಲ.

ಆ ಮಧ್ಯಾಹ್ನ ಎರಡು ತುಣುಕು ಮಾಡಿದೆ. ಒಂದರಲ್ಲಿ ಮೊದಲನೇ ಕೂಗು, ಇನ್ನೊಂದರಲ್ಲಿ ಮೂರನೆಯದು. ಒಂದನೆಯದನ್ನು ಮಾತ್ರ ಕಳಿಸೋಣ ಅಂತ ಕೂತೆ, ಎದ್ದೆ, ಟೀ ಕುಡಿದು ಬಂದೆ. ಮಾವನಿಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಿದರೆ ಏನನ್ನುತ್ತಾನೆ ಅಂತ ಗೊತ್ತಿದ್ದರಿಂದಲೇ ಮಾಡಲಿಲ್ಲ. ಅವನೇನು ನನಗಾಗಿ ಕೂಗಿದ್ದಲ್ಲವಲ್ಲ, ಆನೆ ಬಂದಿತ್ತು, ಕೂಗಿದ, ಅಕಸ್ಮಾತ್ ಮೈಕಿತ್ತು, ಕಟ್ಟು ಎಲ್ಲಿ ಮುರಿಯಿತು ಅಂತ ನನಗೆ ನಾನೇ ವಾದ ಹೂಡಿಕೊಂಡೆ. ದುರಾಸೆಗೆ ಎಷ್ಟು ಚಂದದ ಮಾತು ಬರುತ್ತವೆ ನೋಡಿ. ಎರಡನ್ನೂ ಕಳಿಸಿದೆ. ಯಾವುದನ್ನು ಆರಿಸುತ್ತಾರೆ ಅಂತ ಕಳಿಸುವಾಗಲೇ ತಿಳಿದಿತ್ತು.

ಹತ್ತು ನಿಮಿಷಕ್ಕೆ ನಿರ್ದೇಶಕರ ಫೋನ್ ಬಂತು. ಒಂದೇ ತೊಡಕು ಅಂದರೆ ಕೂಗಿನ ಶ್ರುತಿಗೂ ಹಾಡಿನ ಶ್ರುತಿಗೂ ಕೂಡುತ್ತಿರಲಿಲ್ಲ. ಕೂಗನ್ನೇ ಸ್ವಲ್ಪ ಏರಿಸಿದರೆ ಕೂರಿಸಬಹುದು, ನಿಮಿಷದ ಕೆಲಸ, ಯಾರು ಬೇಕಾದರೂ ಮಾಡುತ್ತಾರೆ. ಅವರು ಅದನ್ನೇ ಹೇಳಿದರು. ಬೇಡ ಅಂದವಳು ನಾನು. ಏರಿಸಿದರೆ ಗಂಟಲು ತೆಳುವಾಗುತ್ತದೆ ಸಾರ್, ಜೀವ ಹೋಗುತ್ತದೆ, ಕೂಗಿಗೆ ತಕ್ಕ ಹಾಗೆ ಹಾಡನ್ನೇ ಇಳಿಸೋಣ ಅಂತ ಹಟ ಹಿಡಿದೆ. ಆಗಲೇ ಹಾಡಿಹೋಗಿದ್ದ ಗಾಯಕಿಯನ್ನು ಮತ್ತೆ ಕರೆಸಿದರು, ಆಕೆ ಗೊಣಗಿಕೊಂಡೇ ಎರಡನೇ ಸಲ ಹಾಡಿದರು. ಕೂಗಿನ ಒಂದು ಕೂದಲೂ ಕೊಂಕದ ಹಾಗೆ ನೋಡಿಕೊಂಡೆ. ಮಾವನ ಬಾಯಿಂದ ಬಂದದ್ದು ಬಂದ ಹಾಗೇ ಹಾಡಿನಲ್ಲಿ ಕೂತಿತು. ಅದೊಂದು ಜಂಬ ನನಗೆ.

ಹಾಡು ಹೊರಬಂದ ವಾರದಲ್ಲೇ ಎಲ್ಲಿ ನೋಡಿದರೂ ಅದೇ. ಸಿನಿಮಾದಲ್ಲಿ ಕುಣಿತ ಹೇಳಿಕೊಟ್ಟವರು ಕೂಗಿನ ಜಾಗಕ್ಕೆ ಎರಡು ಕೈ ಬಾಯಿಗೆ ಹಿಡಿದು ತಲೆ ಹಿಂದಕ್ಕೆ ಎಸೆಯುವ ಹೆಜ್ಜೆ ಇಟ್ಟಿದ್ದರು. ಗುಂಡ್ಲುಪೇಟೆ ದಾರಿಯಲ್ಲಿ ಹೂವಿನ ಹೊಲ ನೋಡಲು ಕಾರು ನಿಲ್ಲಿಸುವ ಕೇರಳದವರು ಚೆಂಡುಹೂವಿನ ನಡುವೆ ನಿಂತು ಅದನ್ನೇ ಮಾಡಿ ವಿಡಿಯೋ ಹಾಕುತ್ತಿದ್ದರು. ನನ್ನ ಸ್ಟುಡಿಯೋಗೆ ಜನ ಹಾರ ತಂದರು. ಅಮ್ಮ ಕುದೇರಿನಲ್ಲಿ ಕಂಡಕಂಡವರಿಗೆಲ್ಲ ನಮ್ಮ ಹುಡುಗಿ ಮಾಡಿದ್ದು ಅಂತ ಹೇಳಿಕೊಂಡು ಬಂದಳು.

ಮಾವನ ಫೋನ್ ಬಂದದ್ದು ಮೂರನೇ ವಾರ. ಬೈಯುತ್ತಾನೆ ಅಂತ ಕಾದಿದ್ದೆ. ಅವನು ಮೆಲ್ಲಗೆ, “ಅದು ನನ್ ಗಂಟ್ಲಲ್ವಾ ಕಣಮ್ಮಿ?” ಅಂತ ಕೇಳಿದ. ಹೌದು ಅಂದೆ. ನಾನು ಯಾವತ್ತು ಕೂಗಿದೆ ಅಂದ. ಹೇಳಿದೆ. ನಿಲ್ಲಿಸಬಹುದಾ ಅಂತ ಕೇಳಿದ. ಅದು ಇನ್ನು ನನ್ನ ಕೈಯಲ್ಲಿಲ್ಲ ಮಾವ ಅಂದೆ. “ಬುಡು ಮತ್ತೆ” ಅಂದು ಇಟ್ಟುಬಿಟ್ಟ. ಆ ‘ಬುಡು’ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಕೆಲಸದ ಗಡಿಬಿಡಿಯಲ್ಲಿ ಅದನ್ನೂ ಮರೆತೆ.

ಊರಿಂದ ಸುದ್ದಿ ಬಿಡಿಬಿಡಿಯಾಗಿ ಬರುತ್ತಿತ್ತು. ಇಸ್ಕೂಲು ಮಕ್ಕಳು ಹಗಲೆಲ್ಲ ಮೂರನೆಯದನ್ನೇ ಕೂಗಿಕೊಂಡು ಓಡಾಡುತ್ತಿದ್ದಾರೆ ಅಂತ. ಪಕ್ಕದ ಹೊಲದವನ ಫೋನ್ ರಿಂಗಾದರೆ ಅದೇ ಕೂಗು ಅಂತ. ಮೊದಮೊದಲು ಜನ ಬೆಚ್ಚಿ ಬಿದ್ದು ಅಟ್ಟಣೆಗೆ ಓಡುತ್ತಿದ್ದರಂತೆ. ಆಮೇಲೆ ನಗುತ್ತಿದ್ದರಂತೆ. ಆಮೇಲೆ ಕತ್ತೆತ್ತುವುದನ್ನೂ ಬಿಟ್ಟರಂತೆ. ಇದನ್ನೆಲ್ಲ ಅತ್ತೆ ಫೋನಿನಲ್ಲಿ ಹೇಳುವಾಗ ತಮಾಷೆ ಮಾಡಿಕೊಂಡೇ ಹೇಳುತ್ತಿದ್ದಳು. ನಾನೂ ನಕ್ಕಿದ್ದೇನೆ.

ಹೂವು ಕುಯ್ಯುವ ಕಾಲ ಬಂತು. ಬೆಳಗಿನ ಜಾವ ಬೆಳಕು ಹರಿಯುವ ಮುಂಚೆಯೇ ಕುಯ್ಯಲು ಶುರು ಮಾಡಬೇಕು, ಏಳಕ್ಕೆಲ್ಲ ಮೂಟೆ ತುಂಬಲು ಟೆಂಪೊ ಬರುತ್ತದೆ. ಟೆಂಪೊ ಮೇಲೆ ಅಗಲ ಬಾಯಿಯ ಲೌಡ್‌ಸ್ಪೀಕರ್ ಇದೆ, ಬಂದಿದ್ದೇವೆ ಅಂತ ತಿಳಿಸುವುದಕ್ಕೆ ಹಾಡು ಹಾಕಿಕೊಂಡು ಬರುತ್ತಾರೆ. ಆ ವರ್ಷ ಯಾವ ಹಾಡು ಅಂತ ಹೇಳಬೇಕಿಲ್ಲ.

ಅವತ್ತು ಮಾವ ಇನ್ನೂ ಅಟ್ಟಣೆಯಲ್ಲೇ ಇದ್ದ. ಅತ್ತೆ ಹೊಲದ ಆ ತುದಿಯಲ್ಲಿ ಬಗ್ಗಿ ಹೂವು ಕುಯ್ಯುತ್ತಿದ್ದಳು. ಕಾಡಿಗೆ ವಾಪಸಾಗುತ್ತಿದ್ದ ಒಂಟಿ ಆನೆ ಜೋಳದಿಂದ ಹೊರಬಿದ್ದದ್ದನ್ನು ಮಾವ ಕಂಡ. ಮೂರನೆಯದನ್ನು ಕೂಗಿದ. ಅತ್ತೆ ಅಲ್ಲಾಡಲಿಲ್ಲ. ಮತ್ತೆ ಕೂಗಿದ. ನಾಲ್ಕು ಸಲ ಕೂಗಿದನಂತೆ, ಆಮೇಲೆ ಅಟ್ಟಣೆಯಿಂದ ದುಮುಕಿ ಓಡಿದನಂತೆ. ಆನೆ ಅವಳನ್ನು ಸೊಂಡಿಲಲ್ಲಿ ಪಕ್ಕಕ್ಕೆ ನೂಕಿ ತನ್ನ ದಾರಿ ಹಿಡಿಯಿತು. ತುಳಿಯಲಿಲ್ಲ, ಅಷ್ಟೇ ಪುಣ್ಯ. ಸೊಂಟದ ಮೂಳೆ ಮುರಿದಿತ್ತು.

ಚಾಮರಾಜನಗರದ ಆಸ್ಪತ್ರೆಗೆ ಕರೆತಂದರು. ನಾನು ಓಡಿದೆ. ಮಾವ ವರಾಂಡದಲ್ಲಿ ಗೋಡೆಗೊರಗಿ ಕೂತಿದ್ದ, ನನ್ನನ್ನು ನೋಡಿ ಜಾಗ ಬಿಟ್ಟುಕೊಟ್ಟ. ಒಳಗೆ ಅತ್ತೆ ಎಚ್ಚರವಿದ್ದಳು. ಯಾಕತ್ತೆ, ಕೇಳಿಸಲಿಲ್ವಾ ಅಂತ ಕೇಳಿದೆ. ನನಗೆ ಬೇಕಾದ ಉತ್ತರ, ಕಿವಿ ಮಂದ ಆಗಿದೆ ಕಣಮ್ಮಿ ಅನ್ನುವುದು.

“ಕೇಳುಸ್ತು” ಅಂದಳು. “ನಿನ್ ಹಾಡು ಅಂದ್ಕಂಡೆ. ನಮ್ ಹುಡ್ಗಿ ಹಾಡು ಬಂತು ಅಂತ ನಗ್ತಾ ಕುಯ್ತಿದ್ದೆ.”

ನಾನು ಹೊರಗೆ ಬಂದು ನಲ್ಲಿ ಹತ್ತಿರ ಕೂತು ಅತ್ತುಬಿಟ್ಟೆ.

ಮಾರನೇ ದಿನದಿಂದ ಫೋನ್ ಹಿಡಿದೆ. ನಿರ್ದೇಶಕರು ಒಳ್ಳೆಯವರು, ಕೇಳಿ ತುಂಬ ನೊಂದುಕೊಂಡರು, ಆದರೆ ಹಾಡು ಆಡಿಯೋ ಕಂಪನಿಯದಾಗಿತ್ತು. ಕಂಪನಿಯವರು ಯಾವ ಕೂಗು, ಯಾವ ಊರು ಅಂತಲೇ ಕೇಳಿದರು. ಕೂಗನ್ನು ಸ್ವಲ್ಪ ಏರಿಸಿ ಬೇರೆ ಮಾಡಿಕೊಡುತ್ತೇನೆ ಅಂದೆ, ನಿಮಿಷದ ಕೆಲಸ ಅಂದೆ. ಕೋಟಿ ಫೋನಿನಲ್ಲಿ ಆಗಲೇ ಕೂತಿರುವುದನ್ನು ಏನು ಮಾಡುತ್ತೀರ ಅಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಕೊನೆಗೆ ಟೆಂಪೊದವನನ್ನೇ ಹಿಡಿದೆ. ಮಾತಿಗೆ ಒಪ್ಪುವ ಮನುಷ್ಯ, ಆದರೆ ಅವನಿಗೆ ಒಂದು ಅನುಮಾನ. ಹಾಡು ಅಂತ ಗೊತ್ತಾಗುವುದಿಲ್ಲವಾ ಮೇಡಂ, ಹಿಂದೆ ಮುಂದೆ ಮ್ಯೂಸಿಕ್ ಇರುತ್ತದಲ್ಲ ಅಂದ. ನನಗೂ ಅದೇ ಅನುಮಾನವಿತ್ತು. ಮಟಮಟ ಮಧ್ಯಾಹ್ನ, ಊರಿಗೆಲ್ಲ ಮೊದಲೇ ತಿಳಿಸಿ, ರಸ್ತೆಯಲ್ಲಿ ಹಾಡು ಹಾಕಿಸಿ ನಾನು ಹೊಲದೊಳಗೆ ನಡೆದುಕೊಂಡು ಹೋದೆ. ಒಂದು ಹೊಲ ದಾಟುವ ಹೊತ್ತಿಗೆ ಬೀಟ್ ಹೋಯಿತು. ಆ ಸ್ಪೀಕರಿನಲ್ಲಿ ದಪ್ಪ ಸದ್ದು ಬರುವುದೇ ಇಲ್ಲ. ಎರಡನೇ ಹೊಲದಲ್ಲಿ ಗಾಯಕಿಯೂ ಹೋದಳು. ಅತ್ತೆ ಬಿದ್ದ ಜಾಗಕ್ಕೆ ಬಂದು ನಿಂತೆ. ಏನೂ ಕೇಳಿಸುತ್ತಿರಲಿಲ್ಲ, ಗಾಳಿ ಬಿಟ್ಟು. ಆಮೇಲೆ ಮಾವನ ಕೂಗು ಬಂತು, ಒಂಟಿಯಾಗಿ, ಹಿಂದಿಲ್ಲ ಮುಂದಿಲ್ಲ. ಅಟ್ಟಣೆಯಿಂದ ಅಟ್ಟಣೆಗೆ ಮುಟ್ಟಲೆಂದೇ ಹಿಂದಿನವರು ಹದ ಮಾಡಿದ ಕೂಗು ಅದು, ಮುಟ್ಟದೆ ಇರುತ್ತದೆಯೆ? ನನ್ನ ಕಾಲು ತಾವಾಗಿಯೇ ಅಟ್ಟಣೆ ಕಡೆಗೆ ಎರಡು ಹೆಜ್ಜೆ ಓಡಿದವು. ಮಾಡಿದ ನನಗೇ ಹೀಗಾದರೆ.

ಆ ಟೆಂಪೊದವನು ಹಾಡು ನಿಲ್ಲಿಸಿದ. ಮಿಕ್ಕವರು ನಿಲ್ಲಿಸಲಿಲ್ಲ, ಎಷ್ಟು ಜನಕ್ಕಂತ ಹೇಳುವುದು.

ಎರಡು ತಿಂಗಳ ಮೇಲೆ ಅತ್ತೆ ಮನೆ ಸೇರಿದಳು. ಕೋಲು ಹಿಡಿದು ಒಳಗೂ ಹೊರಗೂ ಓಡಾಡುವಷ್ಟಾಗಿದ್ದಳು, ಹೊಲ ಇನ್ನು ಅವಳ ಪಾಲಿಗಿಲ್ಲ. ನೋಡಲು ಹೋದವಳು ಸಂಜೆ ಮಾವನಿಗೆ ಊಟದ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದೆ. ಜೋಳ ತೆನೆ ಕಟ್ಟಿತ್ತು. ಹೊತ್ತು ಬೆಟ್ಟದ ಹಿಂದಕ್ಕೆ ಹೋಯಿತು. ಅಕ್ಕಪಕ್ಕದ ಅಟ್ಟಣೆಗಳಿಗೆ ಒಬ್ಬೊಬ್ಬರಾಗಿ ಏರುವುದು ಕಾಣುತ್ತಿತ್ತು, ಬೀಡಿ ಕಿಡಿ ಕಾಣುತ್ತಿತ್ತು. ಕೂಗು ಮಾತ್ರ ಇಲ್ಲ. ಎದ್ದಿದ್ದೇನೆ ಅನ್ನುವ ಮೊದಲನೇ ಕೂಗೂ ಇಲ್ಲ. ಹುಟ್ಟಿದಾಗಿನಿಂದ ಆ ಹೊಲಗಳನ್ನು ಅಷ್ಟು ಮೌನವಾಗಿ ನಾನು ಕಂಡಿರಲಿಲ್ಲ. ಕಾವಲು ಬಿಟ್ಟುಬಿಟ್ರಾ ಮಾವ ಅಂತ ಕೇಳಿದೆ.

ಬಿಟ್ಟಿಲ್ಲ ಅಂದ. ಎಲ್ಲ ಸೇರಿ ಹೊಸ ಕೂಗು ಕಟ್ಟಿಕೊಂಡಿದ್ದೇವೆ, ಮೂರೂ ಹೊಸವೇ, ಹಳೆಯದನ್ನು ಬಾಯಿಗೆ ತರುವುದಿಲ್ಲ ಅಂತ ಮಾತಾಗಿದೆ ಅಂದ. ಹೇಗಿದೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಬುತ್ತಿ ಬಿಚ್ಚದೆ ಪಕ್ಕಕ್ಕಿಟ್ಟು ಮಾವ ಕಾಡಿನ ಕಡೆ ನೋಡುತ್ತಿದ್ದ. ಪಕ್ಕದ ಅಟ್ಟಣೆಯವನು ನಮ್ಮ ಕಡೆ ತಿರುಗಿ ಕೂತಿದ್ದ. ಅದರಾಚೆಯವನೂ.

“ಹೊತ್ತಾಯ್ತು, ಒರ್ಡು” ಅಂದ ಮಾವ.

ಇವತ್ತು ಅತ್ತೆ ಜೊತೆ ಇದ್ದು ನಾಳೆ ಹೋಗುತ್ತೇನೆ ಅಂದೆ.

“ಇರ್ಬ್ಯಾಡ. ನೀನಿರಗಂಟ ಯಾರೂ ಕೂಗಾಕಿಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ನಾನು ಎರಡೂ ಕೈ ಬಿಚ್ಚಿ ತೋರಿಸಿದೆ. “ರೆಕಾರ್ಡರ್ ತಂದಿಲ್ಲ ಮಾವ.”

“ಕಿವಿ ತಂದಿದ್ದೀಯಲ್ಲ ಮಗ” ಅಂದ.

ಜೋಳದ ಆಚೆ ಕತ್ತಲು ಕಟ್ಟುತ್ತಿತ್ತು. ಅಷ್ಟೂ ಹೊಲದವರು ಬಾಯಿ ಕಟ್ಟಿಕೊಂಡು, ನಾನು ಎದ್ದುಹೋಗುವುದನ್ನೇ ಕಾಯುತ್ತಿದ್ದರು. ಓಡುನಡಿಗೆಯಲ್ಲಿ, ರಸ್ತೆಯಲ್ಲಿ ನಿಲ್ಲಿಸಿದ್ದ ನನ್ನ ವ್ಯಾನಿನ ಹತ್ತಿರ ಬಂದೆ. ಅತ್ತೆಗೆ ಹೋಗಿಬರುತ್ತೇನೆ ಅಂತಲೂ ಹೇಳಲಿಲ್ಲ. ಊರ ಕೊನೇ ಹೊಲ ದಾಟುವಾಗ ಅಭ್ಯಾಸಬಲದಿಂದ ಕಾಲು ಬ್ರೇಕಿಗೆ ಹೋಯಿತು. ಇಂಜಿನ್ ಆರಿಸಿ ಒಂದು ನಿಮಿಷ ನಿಂತರೆ ಸಾಕು, ಗಾಳಿ ಈ ಕಡೆಗೇ ಬೀಸುತ್ತಿದೆ, ಕೇಳಿಸುತ್ತದೆ. ನನ್ನ ಹಳೇ ವ್ಯಾನಿನ ಕಿಟಕಿಯ ಹಿಡಿ ಬಲು ಬಿಗಿ, ಎರಡು ಕೈಯಲ್ಲಿ ತಿರುಗಿಸಬೇಕು. ನಿಂತಲ್ಲೇ, ಇಂಜಿನ್ ಆರಿಸದೆ, ಗಾಜು ಮೇಲೇರಿ ತುದಿ ಮುಟ್ಟುವವರೆಗೆ ತಿರುಗಿಸಿ ಹೊರಟೆ.